ಬಂತು, ಬಂತಂತೆ, ಬಂದಿರಬಹುದು

(ಎಂಜಿನಿಯರಿಂಗ್ ಐದನೇ ಸೆಮಿಸ್ಟರಿನ ವಿದ್ಯಾರ್ಥಿಗಳಿಗಾಗಿ ಕಾಲೇಜಿನ ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಎರಡನೇ ಸಾಲಿನಲ್ಲಿ ಕುರ್ಚಿಗಳು ಖಾಲಿ ಇವೆ.

ಮೊನ್ನೆ ರಾತ್ರಿ ಊರಿಗೆ ಫೋನ್ ಮಾಡಿದ್ದೆ. "ಸಾಯಂಕಾಲ ಮಳೆ ಬಂತು ಕಣೋ" ಅಂದರು ಅಮ್ಮ. "ನಿಮ್ಮ ಚಿಕ್ಕಮ್ಮನ ಊರಲ್ಲೂ ಬಂತಂತೆ. ಕೆರೆ ಆಚೆ ಗುಡುಗ್ತಾ ಇತ್ತು, ತೋಟಕ್ಕೂ ಬಂದಿರಬಹುದು."

ಫೋನ್ ಇಟ್ಟ ಮೇಲೂ ಆ ಮೂರು ಮಾತು ತಲೆಯಲ್ಲಿ ಉಳಿದವು. ಬಂತು: ಅಮ್ಮ ಅಂಗಳದಲ್ಲಿ ನಿಂತು ಕಣ್ಣಾರೆ ಕಂಡದ್ದು. ಬಂತಂತೆ: ಚಿಕ್ಕಮ್ಮ ಹೇಳಿ ಗೊತ್ತಾದದ್ದು. ಬಂದಿರಬಹುದು: ಗುಡುಗು ಕೇಳಿ ಊಹಿಸಿದ್ದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಮ್ಮ ಈ ಮೂರನ್ನು ಒಂದು ದಿನವೂ ಬೆರೆಸಿ ಮಾತಾಡಿದವರಲ್ಲ. ಬೆರೆಸಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ತೋಟಕ್ಕೆ ಮಳೆ ಬಂತು ಅಂದುಬಿಟ್ಟರೆ ಅಣ್ಣ ಮಾರನೆಯ ದಿನ ಮೋಟರ್ ಹಾಕುವುದಿಲ್ಲ, ಸಸಿ ಒಣಗುತ್ತವೆ.

ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದಿರುವುದು ಇದೊಂದೇ ಸಂಗತಿ. ವಿಟಿಯು ನಿಮಗೆ ಈ ಸೆಮಿಸ್ಟರಿನಲ್ಲಿ ರಿಸರ್ಚ್ ಮೆಥಡಾಲಜಿ ಮತ್ತು ಐಪಿಆರ್, ಅಂದರೆ ಸಂಶೋಧನೆಯ ವಿಧಾನ ಮತ್ತು ಬೌದ್ಧಿಕ ಆಸ್ತಿ ಹಕ್ಕು, ಅಂತ ಒಂದು ವಿಷಯ ಇಟ್ಟಿದೆ. ಪರೀಕ್ಷೆ ಬರೆಯುತ್ತೀರಿ, ಪಾಸಾಗುತ್ತೀರಿ. ಆ ಸಿಲಬಸ್ಸನ್ನು ನಾನು ಇಲ್ಲಿ ಮತ್ತೆ ಓದುವುದಿಲ್ಲ. ಸಂಶೋಧನೆ ಮಾಡಿ ಬರೆಯುವುದರ ಬೇರು ಎಲ್ಲಿದೆ ಎಂದು ಕೇಳಿದರೆ, ನನಗೆ ಕಾಣುವುದು ಅಮ್ಮನ ಆ ಮೂರು ಮಾತಿನಲ್ಲಿ. ನಾವು ಕಂಡದ್ದು ಯಾವುದು, ಬೇರೆಯವರು ಕಂಡು ಹೇಳಿದ್ದು ಯಾವುದು, ನಾವು ಊಹಿಸಿದ್ದು ಯಾವುದು ಎಂಬುದು ಓದುವವರಿಗೆ ಪ್ರತಿ ವಾಕ್ಯದಲ್ಲೂ ತಿಳಿಯಬೇಕು.

ನಿಮ್ಮಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಎಷ್ಟು ಜನ, ಸ್ವಲ್ಪ ಕೈ ಎತ್ತಿ. (ಅರ್ಧಕ್ಕೂ ಹೆಚ್ಚು ಕೈಗಳು ಎದ್ದವು.) "ಸರ್, ನಮಗೆ ಇಂಗ್ಲಿಷ್ ಬರಲ್ಲ, ರಿಸರ್ಚ್ ಪೇಪರ್ ಬರೆಯೋದು ನಮ್ಮ ಕೈಲಾಗಲ್ಲ" ಎಂದು ನನ್ನ ಬಳಿ ಬಂದು ಹೇಳುವವರು ಈ ಕೈಗಳೇ. ಇಂಗ್ಲಿಷ್ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅದು ಆಮೇಲಿನ ಕೆಲಸ. ಮೊದಲಿನ ಕೆಲಸ ನಿಮ್ಮ ನಾಲಿಗೆಯ ಮೇಲೆ ಆಗಲೇ ಇದೆ.

ಪ್ರತಿ ವರ್ಷ ನನ್ನ ಮೇಜಿನ ಮೇಲೆ ಪ್ರಾಜೆಕ್ಟ್ ರಿಪೋರ್ಟುಗಳು ಬಂದು ಬೀಳುತ್ತವೆ. ಹಾರ್ಡ್ ಬೈಂಡಿಂಗ್, ಮೇಲೆ ಚಿನ್ನದ ಬಣ್ಣದ ಅಕ್ಷರ. ಎರಡನೇ ಅಧ್ಯಾಯ ಲಿಟರೇಚರ್ ಸರ್ವೆ, ಅಂದರೆ ಆ ವಿಷಯದ ಬಗ್ಗೆ ಹಿಂದಿನವರು ಬರೆದದ್ದರ ಸಮೀಕ್ಷೆ. ಹದಿನೈದು ಪ್ಯಾರಾ ಇದ್ದರೆ ಹದಿನೈದೂ ಶುರುವಾಗುವುದು "ಇನ್ ದಿಸ್ ಪೇಪರ್, ದಿ ಆಥರ್ಸ್ ಹ್ಯಾವ್" ಎಂದು. ಕೈಯಲ್ಲಿರುವುದು ನಿಮ್ಮ ರಿಪೋರ್ಟು. 'ಈ ಪೇಪರ್' ಎಂದರೆ ಯಾವ ಪೇಪರ್? ಆಯಾ ಲೇಖನದ ಅಬ್‌ಸ್ಟ್ರಾಕ್ಟನ್ನು, ಅಂದರೆ ಸಾರಾಂಶವನ್ನು, ಎತ್ತಿ ಇಟ್ಟಾಗ ಆ ಮಾತೂ ಜೊತೆಗೇ ಬಂದಿರುತ್ತದೆ. ಮೂಲದಲ್ಲಿ 'ವಿ ಮೆಷರ್ಡ್' ಎಂದಿದ್ದರೆ ಅದೂ ಹಾಗೇ ಬಂದಿರುತ್ತದೆ. ಎಲ್ಲೋ ದೂರದ ದೇಶದ ಲ್ಯಾಬಿನಲ್ಲಿ ಯಾರೋ ಅಳೆದದ್ದನ್ನು ನಮ್ಮ ನಾಲ್ಕು ಮಕ್ಕಳ ಬ್ಯಾಚು 'ನಾವು ಅಳೆದೆವು' ಎಂದು ಬರೆದುಕೊಟ್ಟಿರುತ್ತದೆ. ಹೆಚ್ಚಿನವರಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಆ ಕ್ರಿಯಾಪದ ಯಾರದು ಎಂದು ನೋಡಿರುವುದಿಲ್ಲ, ಅಷ್ಟೇ. ಬಂತಂತೆ ಎನ್ನಬೇಕಾದ ಕಡೆ ಬಂತು ಎಂದುಬಿಟ್ಟಿದ್ದಾರೆ.

ಇದನ್ನು ನಾನು ಮೇಲೆ ಕೂತು ಹೇಳುತ್ತಿಲ್ಲ. ನನ್ನ ಫೈನಲ್ ಇಯರ್ ರಿಪೋರ್ಟಿನಲ್ಲಿ ಸಿಮೆಂಟಿನ ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ಅದು ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ, 3.15 ಎಂದು ಬರೆದಿದ್ದೆ, 'ಪ್ರಯೋಗದಿಂದ ಕಂಡುಹಿಡಿಯಲಾಯಿತು' ಎಂಬ ಸಾಲಿನ ಸಮೇತ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು, ನಾವು ಎಕ್ಸ್‌ಟರ್ನಲ್ ಅನ್ನುವವರು, ಸಮಾಧಾನವಾಗಿಯೇ ಕೇಳಿದರು: "ಫ್ಲಾಸ್ಕಿಗೆ ಏನು ಹಾಕಿದಿರಪ್ಪ?" ನಾನು "ನೀರು ಸರ್" ಅಂದೆ. ಅವರು ರಿಪೋರ್ಟ್ ಮುಚ್ಚಿದರು. ನೀರು ಸೋಕಿದರೆ ಸಿಮೆಂಟ್ ಅದರೊಂದಿಗೆ ಕೂಡಿಕೊಳ್ಳಲು ಶುರುಮಾಡುತ್ತದೆ, ಅದಕ್ಕೇ ಆ ಪರೀಕ್ಷೆಗೆ ಸೀಮೆಎಣ್ಣೆ ಹಾಕುತ್ತಾರೆ. ಫ್ಲಾಸ್ಕನ್ನು ಒಮ್ಮೆ ಕೈಯಲ್ಲಿ ಹಿಡಿದಿದ್ದರೂ ನನಗದು ಗೊತ್ತಿರುತ್ತಿತ್ತು. 3.15 ಎಂಬ ಅಂಕಿಯಲ್ಲಿ ತಪ್ಪಿರಲಿಲ್ಲ, ಪುಸ್ತಕಗಳಲ್ಲೆಲ್ಲ ಇರುವ ಅಂಕಿಯೇ ಅದು. ಸೀನಿಯರ್ ರಿಪೋರ್ಟಿನಿಂದ ಬಂದ ಅಂಕಿಯನ್ನು ನನ್ನ ಕೈಯಿಂದ ಬಂದದ್ದು ಎಂದೆನಲ್ಲ, ತಪ್ಪು ಅಲ್ಲಿತ್ತು. 'ಸಿಮೆಂಟಿನ ಸ್ಪೆಸಿಫಿಕ್ ಗ್ರಾವಿಟಿಯನ್ನು ನಾವು ಅಳೆದಿಲ್ಲ, ಇಂಥ ಪುಸ್ತಕದಿಂದ 3.15 ಎಂದು ತೆಗೆದುಕೊಂಡಿದ್ದೇವೆ' ಎಂದು ಒಂದು ಸಾಲು ಬರೆದಿದ್ದರೆ ಆ ದಿನ ನಾನು ತಲೆ ತಗ್ಗಿಸಿ ಹೊರಗೆ ಬರಬೇಕಾಗಿರಲಿಲ್ಲ.

ನೀವು ರಿಪೋರ್ಟಿನಲ್ಲಿ ಚೌಕ ಆವರಣದೊಳಗೆ ಹಾಕುವ ಆ ಅಂಕಿ, ರೆಫರೆನ್ಸ್ ಸಂಖ್ಯೆ, ನಮ್ಮ 'ಅಂತೆ'ಯ ಕೆಲಸವನ್ನೇ ಮಾಡುತ್ತದೆ. ಇದು ಕೇಳಿದ ಮಾತು ಎನ್ನುವುದರ ಜೊತೆಗೆ ಯಾರು ಹೇಳಿದ್ದು, ಎಲ್ಲಿ, ಯಾವ ವರ್ಷ ಎಂದೂ ಹೇಳುತ್ತದೆ. ಅಲಂಕಾರಕ್ಕಲ್ಲ, ಸಂಖ್ಯೆ ಹೆಚ್ಚಿಸಲಿಕ್ಕೂ ಅಲ್ಲ. ಅಮ್ಮ "ಬಂತಂತೆ" ಅಂದಾಗ ನಾನು "ಯಾರು ಹೇಳಿದ್ರು?" ಎಂದು ಕೇಳಿದರೆ ಅವರ ಬಳಿ ಉತ್ತರ ಇರುತ್ತದೆ. ಅಷ್ಟು ಉತ್ತರ ನಿಮ್ಮ ಬಳಿ ಇರಬೇಕು.

ಇದನ್ನು ಚೆನ್ನಾಗಿ ಮಾಡಿದವರನ್ನು ಒಮ್ಮೆ ಹತ್ತಿರದಿಂದ ನೋಡೋಣ. 1921ರ ಸೆಪ್ಟೆಂಬರ್. ಸಿ.ವಿ. ರಾಮನ್ ಇಂಗ್ಲೆಂಡಿನಿಂದ ಎಸ್.ಎಸ್. ನರ್ಕುಂಡಾ ಎಂಬ ಹಡಗಿನಲ್ಲಿ ವಾಪಸು ಬರುತ್ತಿದ್ದಾರೆ. ಮೆಡಿಟರೇನಿಯನ್ ಸಮುದ್ರದ ಕಡು ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಳ ಸಮುದ್ರದ ನೀಲಿಗೂ ನೀರಿನ ಬಣ್ಣಕ್ಕೂ ಸಂಬಂಧವಿಲ್ಲ, ಅದು ಆಕಾಶದ ನೀಲಿಯ ಪ್ರತಿಫಲನ ಮಾತ್ರ ಎಂದು ಲಾರ್ಡ್ ರೇಲಿ ಹೇಳಿದ್ದರು. ರೇಲಿ ಎಂದರೆ ಸಾಮಾನ್ಯರಲ್ಲ, 1904ರಲ್ಲೇ ನೊಬೆಲ್ ಪಡೆದವರು, ಆಕಾಶ ಯಾಕೆ ನೀಲಿ ಎಂದು ಜಗತ್ತಿಗೆ ವಿವರಿಸಿದವರು. ಅವರ ಮಾತನ್ನು ರಾಮನ್ ತಳ್ಳಿಹಾಕಲಿಲ್ಲ, ತಲೆಬಾಗಿ ಒಪ್ಪಿಕೊಳ್ಳಲೂ ಇಲ್ಲ. ನಿಕಲ್ ಪ್ರಿಸಂ ಎಂಬ ಸಣ್ಣ ಸಾಧನ ಅವರ ಬಳಿ ಇತ್ತು. ನೀರಿನ ಮೇಲ್ಮೈಯಿಂದ ಒಂದು ಗೊತ್ತಾದ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕನ್ನು ಆ ಪ್ರಿಸಂ ತಿರುಗಿಸಿ ತಡೆಯಬಹುದು. ತಡೆದು ನೋಡಿದರು. ಆಕಾಶದ ಪ್ರತಿಬಿಂಬ ಅಳಿಯಿತು, ನೀಲಿ ಉಳಿಯಿತು.

ಹಡಗು ಮುಂಬಯಿ ಬಂದರಿನಲ್ಲಿದ್ದಾಗಲೇ ಸೆಪ್ಟೆಂಬರ್ 26ರ ದಿನಾಂಕ ಹಾಕಿ 'ನೇಚರ್' ಪತ್ರಿಕೆಗೆ ಒಂದು ಪತ್ರ ಬರೆದರು. ಅದು ನವೆಂಬರಿನಲ್ಲಿ ಅಚ್ಚಾಯಿತು. ಆ ಪುಟ್ಟ ಪತ್ರ ಹೇಗಿದೆ ಗೊತ್ತೇ? ಶುರುವಿನಲ್ಲೇ ರೇಲಿಯವರ ಮಾತು, ಅದು ಎಲ್ಲಿ ಅಚ್ಚಾಗಿದೆ ಎಂಬ ವಿವರದೊಂದಿಗೆ. ಆಮೇಲೆ ತಾವು ಯಾವ ರೀತಿ ನೋಡಿದೆವು ಎಂಬುದು. ಆಮೇಲೆ ಏನು ಕಂಡಿತು ಎಂಬುದು. ಕೊನೆಗೆ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿರಬೇಕು ಎಂಬ ಅನುಮಾನ. ಅಂತೆ, ಕಂಡಿತು, ಇರಬಹುದು. ಬೇರೆಯವರ ಮಾತು ಎಲ್ಲಿ ಮುಗಿಯಿತು, ರಾಮನ್ ಕಣ್ಣು ಎಲ್ಲಿ ಶುರುವಾಯಿತು ಎಂಬುದಕ್ಕೆ ಅಲ್ಲಿ ಗೆರೆ ಎಳೆದಂತೆ ಇದೆ.

ಏಳು ವರ್ಷದ ನಂತರದ ಸಂಗತಿ ನನಗೆ ಇನ್ನೂ ದೊಡ್ಡದು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ, ಮುಂದೆ ರಾಮನ್ ಪರಿಣಾಮ ಎಂದು ಹೆಸರಾದ ಆ ಹೊಸ ಬೆಳಕು ಸಿಕ್ಕಿತು. ಮಾರ್ಚ್ 16ರಂದು ರಾಮನ್ ನಮ್ಮ ಬೆಂಗಳೂರಿನಲ್ಲೇ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ಅದರ ಬಗ್ಗೆ ಮಾತಾಡಿದರು. ಬದುಕಿನ ಅತಿ ದೊಡ್ಡ ಶೋಧವನ್ನು ಹೇಳುವ ಭಾಷಣ ಅದು. ಅದರಲ್ಲೂ ತಮ್ಮ ಜೊತೆ ಕೆಲಸ ಮಾಡಿದವರಲ್ಲಿ ಕೆ.ಆರ್. ರಾಮನಾಥನ್ 1923ರಲ್ಲೇ ಮಸುಕಾಗಿ ಏನು ಕಂಡಿದ್ದರು, ವೆಂಕಟೇಶ್ವರನ್ ಯಾವ ದ್ರವದಲ್ಲಿ ಏನು ಗಮನಿಸಿದರು, ಕೆ.ಎಸ್. ಕೃಷ್ಣನ್ ಪಾಲು ಏನು ಎಂದು ಒಬ್ಬೊಬ್ಬರದನ್ನೂ ಬಿಡಿಸಿ ಹೇಳಿದ್ದಾರೆ. ಆ ಭಾಷಣ ಅಚ್ಚಾಗಿದೆ, ಇವತ್ತೂ ಓದಲು ಸಿಗುತ್ತದೆ. ಹುಡುಕಿ ಓದಿ. ನಮ್ಮ ನಾಲ್ಕು ಜನರ ಬ್ಯಾಚಿನಲ್ಲಿ ಪರೀಕ್ಷೆಗೆ ಕಾಂಕ್ರೀಟ್ ಕ್ಯೂಬ್ ಹಾಕಿದವರು ಇಬ್ಬರು, ಹೆಸರು ನಾಲ್ವರದು. ಯಾರು ಏನು ಮಾಡಿದರು ಎಂದು ಒಂದು ಪ್ಯಾರಾ ಬರೆಯಿರಿ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಸರಿ, ಓದುವ ವಿಷಯಕ್ಕೆ ಬರೋಣ. ಪೇಪರನ್ನು ಕಾದಂಬರಿಯ ಹಾಗೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಓದಲು ಹೊರಟು, ಮೂರನೇ ಪುಟದಲ್ಲಿ ನಿದ್ದೆ ಹೋಗಿ, 'ನನಗೆ ಅರ್ಥವಾಗಲ್ಲ' ಎಂದು ಕೈಬಿಡುವವರೇ ಹೆಚ್ಚು. ಕಂಪ್ಯೂಟರ್ ನೆಟ್‌ವರ್ಕ್ ಕ್ಷೇತ್ರದ ಎಸ್. ಕೇಶವ್ ಅವರು 2007ರಲ್ಲಿ ಪೇಪರ್ ಓದುವುದು ಹೇಗೆ ಎಂದೇ ಎರಡು ಪುಟ ಬರೆದಿದ್ದಾರೆ. ಮೂರು ಸುತ್ತು ಓದಿ ಎನ್ನುತ್ತಾರೆ ಅವರು. ಮೊದಲ ಸುತ್ತು ಐದು ಹತ್ತು ನಿಮಿಷ: ಶೀರ್ಷಿಕೆ, ಸಾರಾಂಶ, ಪೀಠಿಕೆ, ಒಳಶೀರ್ಷಿಕೆಗಳು, ಕೊನೆಯ ಮಾತು. ಎರಡನೆಯದು ಒಂದು ಗಂಟೆಯೊಳಗೆ: ಚಿತ್ರ, ಗ್ರಾಫು, ಮುಖ್ಯ ವಾದ. ಮೂರನೆಯದರಲ್ಲಿ ಆ ಕೆಲಸವನ್ನು ನೀವೇ ಮಾಡುತ್ತಿದ್ದೀರಿ ಎಂದುಕೊಂಡು ಹೆಜ್ಜೆ ಹೆಜ್ಜೆಗೂ ಪ್ರಶ್ನೆ ಹಾಕಿ ಓದಬೇಕು. ಹೊಸಬರಿಗೆ ಅದಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತದೆ ಎಂದೂ ಅವರೇ ಬರೆದಿದ್ದಾರೆ. ಹಾಗಾಗಿ ನಿಮಗೆ ನಾಲ್ಕು ಗಂಟೆ ಹಿಡಿದರೆ ನೀವು ದಡ್ಡರಲ್ಲ. ಎಲ್ಲ ಪೇಪರಿಗೂ ಮೂರು ಸುತ್ತು ಬೇಡ. ಮೂವತ್ತಕ್ಕೆ ಮೊದಲ ಸುತ್ತು, ಎಂಟಕ್ಕೆ ಎರಡನೆಯದು, ಎರಡು ಮೂರಕ್ಕೆ ಮೂರನೆಯದು. ಒಂದು ಪ್ರಾಜೆಕ್ಟಿಗೆ ಇದು ಸಾಕು ಎಂಬುದು ನನ್ನ ಅನುಭವ.

ಇದಕ್ಕೆ ನಾನು ಸೇರಿಸುವುದು ಒಂದೇ. ಓದಿದ ಪ್ರತಿ ಪೇಪರಿಗೂ, ಅದನ್ನು ಮುಚ್ಚಿಟ್ಟು, ಕನ್ನಡದಲ್ಲಿ ಐದು ಸಾಲು ಬರೆಯಿರಿ. ಮುಚ್ಚಿಟ್ಟು ಎಂಬುದು ಮುಖ್ಯ. ತೆರೆದಿಟ್ಟುಕೊಂಡು ಬರೆದರೆ ಅವರ ವಾಕ್ಯ ನಿಮ್ಮ ಕೈಗೆ ಇಳಿದುಬಿಡುತ್ತದೆ. ಕನ್ನಡದಲ್ಲಿ ಬರೆದಾಗ ಇನ್ನೊಂದು ಲಾಭ ಇದೆ: ನಕಲು ಮಾಡಲು ಬರುವುದೇ ಇಲ್ಲ. ಅರ್ಥವಾಗಿದ್ದರೆ ಮಾತ್ರ ಕನ್ನಡದಲ್ಲಿ ಬರುತ್ತದೆ, ಆಗಿಲ್ಲದಿದ್ದರೆ ಪೆನ್ನು ನಿಲ್ಲುತ್ತದೆ. ಪೆನ್ನು ನಿಂತ ಜಾಗಕ್ಕೆ ವಾಪಸು ಹೋಗಿ ಓದಿ.

ಪೇಪರ್ ಎಲ್ಲಿ ಸಿಗುತ್ತದೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಗೂಗಲ್ ಸ್ಕಾಲರ್ ನಿಮಗೆ ಗೊತ್ತು. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಉಚಿತವಾಗಿ ಇವೆ. ಅವುಗಳ ಎರಡನೇ ಅಧ್ಯಾಯ ಓದಿದರೆ ಒಂದು ಕ್ಷೇತ್ರದ ನಕ್ಷೆ ಸಿಗುತ್ತದೆ. ಸರ್ಕಾರಿ ಸಂಸ್ಥೆಗಳಲ್ಲಿ ಓದುತ್ತಿರುವ ನಿಮ್ಮ ಗೆಳೆಯರಿಗೆ 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಮೂಲಕ 13,000ಕ್ಕೂ ಹೆಚ್ಚು ಜರ್ನಲ್‌ಗಳು ತೆರೆದಿವೆ. ಸಿಗದ ಪೇಪರಿಗೆ ಲೇಖಕರಿಗೇ ನಾಲ್ಕು ಸಾಲಿನ ಮೇಲ್ ಬರೆಯಿರಿ, ಅನೇಕರು ಕಳಿಸಿಕೊಡುತ್ತಾರೆ. ಇನ್ನು ಭಾರತೀಯ ಮಾನಕಗಳು, ನಾವು ಕೋಡ್ ಬುಕ್ ಅನ್ನುವವು: ಬರೆಯುವಾಗ ವರ್ಷ ಬಿಡಬೇಡಿ. ಕಾಂಕ್ರೀಟ್ ಮಿಕ್ಸ್ ಡಿಸೈನಿನ ಐಎಸ್ 10262 ಮೊದಲು 1982ರಲ್ಲಿ ಬಂತು, 2009ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. 'ಐಎಸ್ 10262ರ ಪ್ರಕಾರ' ಎಂದಷ್ಟೇ ಬರೆದರೆ ಮೂರರಲ್ಲಿ ಯಾವುದರ ಪ್ರಕಾರ? ಸೀನಿಯರ್ ರಿಪೋರ್ಟ್ ನೋಡಿ ಬರೆದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಈಗ ಪ್ರಶ್ನೆಯ ವಿಷಯ. ಒಳ್ಳೆಯ ಪ್ರಶ್ನೆ ಎಲ್ಲಿಂದ ಬರುತ್ತದೆ? ಬೆಂಗಳೂರಿನ ಗಲ್ಲಿಗಳಲ್ಲಿ 'ಪ್ರಾಜೆಕ್ಟ್ ಸೆಂಟರ್' ಬೋರ್ಡುಗಳಿವೆ. ಟೈಟಲ್, ಕೋಡ್, ರಿಪೋರ್ಟ್ ಮೂರೂ ಒಟ್ಟಿಗೆ ಕೊಡುತ್ತಾರೆ. ಅಪ್ಪ ಅಮ್ಮ ಕಷ್ಟಪಟ್ಟು ದುಡಿದ ಹಣವನ್ನು ಅಲ್ಲಿ ಕೊಟ್ಟು ಬಂದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪ್ರಶ್ನೆ ನಿಮ್ಮ ಮನೆಯಲ್ಲೇ ಬಿದ್ದಿರುತ್ತದೆ.

ಈ ವರ್ಷದ ನನ್ನ ಬ್ಯಾಚಿನಲ್ಲಿ ತಿಪಟೂರು ಕಡೆಯ ಹುಡುಗನೊಬ್ಬ ಇದ್ದಾನೆ. ಮೊದಲ ದಿನ ಬಂದು "ಸರ್, ಜಲ್ಲಿ ಬದಲು ತೆಂಗಿನ ಕರಟ ಹಾಕಿ ಕಾಂಕ್ರೀಟ್ ಮಾಡ್ತೀವಿ" ಅಂದ. ಕರಟದ ಕಾಂಕ್ರೀಟಿನ ಬಗ್ಗೆ ನಮ್ಮ ದೇಶದಲ್ಲೂ ಹೊರಗೂ ಎಷ್ಟೋ ಜನ ಬರೆದಿದ್ದಾರೆ. ಹಗುರ ಆಗುತ್ತದೆ, ಬಲ ಕಡಿಮೆಯಾಗುತ್ತದೆ, ಕರಟ ನೀರು ಹೀರುವುದರಿಂದ ಮೊದಲೇ ನೆನೆಸಿ ಹಾಕಬೇಕು, ಇವೆಲ್ಲ ಗೊತ್ತಿರುವ ಸಂಗತಿಗಳು. "ನಿನ್ನದು ಏನಪ್ಪ ಇದರಲ್ಲಿ?" ಎಂದು ಕೇಳಿದೆ. ಅವನಿಗೆ ಉತ್ತರ ಹೊಳೆಯಲಿಲ್ಲ. ಎರಡು ವಾರ ಪೇಪರ್ ಓದಿ, ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡು ಬಂದ. ಹಾಗೆ ಮಾತಾಡುತ್ತಾ ಕೂತಿದ್ದಾಗ ಅಂದ: "ಸರ್, ಈ ಪೇಪರ್‌ಗಳಲ್ಲಿ ಬರೀ ಕರಟ ಅಂತಾರೆ. ನಮ್ಮ ಕಡೆ ಕೊಬ್ಬರಿ ಮಾಡೋ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುತ್ತೆ. ಹಸಿ ಕಾಯಿ ಒಡೆದ ಕರಟನೇ ಬೇರೆ, ಅಟ್ಟದ ಕರಟನೇ ಬೇರೆ. ಎರಡೂ ಒಂದೇ ಥರ ನೀರು ಕುಡಿಯುತ್ತಾ?"

ನಾನು ಎದ್ದು ನಿಂತುಬಿಟ್ಟೆ. ಇದಕ್ಕೇ ಕಾಯುತ್ತಿದ್ದದ್ದು. ಉಂಡೆ ಕೊಬ್ಬರಿಯ ಅಟ್ಟ ಕಂಡವನಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಎಷ್ಟು ಸಣ್ಣದು ನೋಡಿ: ಎರಡು ಮೂಟೆ ಕರಟ, ಒಂದು ತಕ್ಕಡಿ, ಒಂದು ಓವನ್, ಒಂದು ಬಕೆಟ್ ನೀರು. ಉತ್ತರ ಹೌದು ಎಂದು ಬಂದರೂ ಲಾಭ, ಇಲ್ಲ ಎಂದು ಬಂದರೂ ಲಾಭ. ನೀವು ಎಂಟು ತಿಂಗಳಲ್ಲಿ ಜಗತ್ತಿನ ವಸತಿ ಸಮಸ್ಯೆ ಬಗೆಹರಿಸಬೇಕಿಲ್ಲ. ಒಂದು ಪ್ರಶ್ನೆ, ಅಳೆಯಲು ಬರುವಂಥದ್ದು, ಸಾಕು. ಇಂಥ ಪ್ರಶ್ನೆಯನ್ನು ಎರಡು ಪುಟದ ಸಿನಾಪ್ಸಿಸ್, ಅಂದರೆ ಯೋಜನೆಯ ಸಾರ, ಮಾಡಿ ಕಳಿಸಲು ಜಾಗವೂ ಇದೆ. ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಕೆಎಸ್‌ಸಿಎಸ್‌ಟಿ, 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಾ ಬಂದಿದೆ. ಹಣ ಸಣ್ಣದು. ಆದರೆ 'ನಾವು ಏನು ಕೇಳುತ್ತಿದ್ದೇವೆ, ಯಾಕೆ, ಹೇಗೆ ಅಳೆಯುತ್ತೇವೆ' ಎಂದು ಹೊರಗಿನವರಿಗೆ ಅರ್ಥವಾಗುವ ಹಾಗೆ ಬರೆಯುವ ಮೊದಲ ಅಭ್ಯಾಸ ಅದು.

ಇನ್ನು ನೋಟ್‌ಬುಕ್. ಇದರ ಬಗ್ಗೆ ನಾನು ಸ್ವಲ್ಪ ಹಠಮಾರಿ, ದಯವಿಟ್ಟು ಸಹಿಸಿಕೊಳ್ಳಿ. ರಿಪೋರ್ಟ್ ಬರೆಯುವುದು ಏಪ್ರಿಲ್‌ನಲ್ಲಿ ಶುರುವಾಗುವ ಕೆಲಸವಲ್ಲ, ಲ್ಯಾಬಿಗೆ ಕಾಲಿಟ್ಟ ದಿನವೇ ಶುರುವಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 150 ಮಿ.ಮೀ. ಕಾಂಕ್ರೀಟ್ ಕ್ಯೂಬ್ ಮೂರು, 28 ದಿನ ನೀರಲ್ಲಿಟ್ಟು ತೆಗೆದಿರಿ ಎಂದಿಟ್ಟುಕೊಳ್ಳಿ. ಮಿಷಿನ್ನಿನಲ್ಲಿ ಒಂದು 639 ಕಿಲೋನ್ಯೂಟನ್ ಭಾರಕ್ಕೆ ಒಡೆಯಿತು, ಇನ್ನೊಂದು 655ಕ್ಕೆ, ಮೂರನೆಯದು 495ಕ್ಕೇ ಹೋಯಿತು. ಕ್ಯೂಬಿನ ಒಂದು ಮುಖದ ವಿಸ್ತೀರ್ಣ 22,500 ಚದರ ಮಿ.ಮೀ.ನಿಂದ ಭಾಗಿಸಿದರೆ ಕಾಂಕ್ರೀಟಿನ ಬಲ 28.4, 29.1, 22.0 ಮೆಗಾಪಾಸ್ಕಲ್. ಈಗ ಬ್ಯಾಚಿನಲ್ಲಿ ಒಬ್ಬರು ಮೆಲ್ಲಗೆ ಹೇಳುತ್ತಾರೆ: "ಮೂರನೇದನ್ನ 27.9 ಅಂತ ಹಾಕ್ಬಿಡೋಣ." ಈ ಕ್ಷಣವನ್ನು ನಾನು ಎಷ್ಟೋ ಸಲ ದೂರದಿಂದ ನೋಡಿದ್ದೇನೆ. ಒಬ್ಬ ಎಂಜಿನಿಯರ್ ಆಗುವುದೂ ಆಗದೇ ಇರುವುದೂ ಆ ಕ್ಷಣದಲ್ಲಿ ತೀರ್ಮಾನವಾಗುತ್ತದೆ.

ಸರಾಸರಿ 26.5. ಯಾವ ಕ್ಯೂಬೂ ಸರಾಸರಿಗಿಂತ ಶೇಕಡಾ 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು, ಹೋದರೆ ಆ ಫಲಿತಾಂಶ ಅಸಿಂಧು ಎನ್ನುತ್ತದೆ ಕಾಂಕ್ರೀಟಿನ ಕೋಡ್ ಬುಕ್ ಐಎಸ್ 456, 2000ನೇ ಇಸವಿಯದು. 26.5ರ ಶೇಕಡಾ 15 ಎಂದರೆ ಸುಮಾರು 4. ಕೆಳಗಿನ ಗಡಿ 22.5. ನಮ್ಮದು 22.0, ಗಡಿ ದಾಟಿದೆ. ಅಂದರೆ ಮೂರನ್ನೂ ಸೇರಿಸಿ ಸರಾಸರಿ ಹೇಳುವಂತಿಲ್ಲ, ಮತ್ತೆ ಹಾಕಬೇಕು. ಆದರೆ ಅಷ್ಟಕ್ಕೇ ಬಿಡುತ್ತೀರಾ? ಮೂರನೆಯದು ಯಾಕೆ ಹಾಗಾಯಿತು? ನೋಟ್‌ಬುಕ್ಕಿನಲ್ಲಿ ಆ ದಿನ ಯಾರೋ ಬರೆದಿದ್ದರೆ ಉತ್ತರ ಅಲ್ಲೇ ಇರುತ್ತದೆ: 'ಕ್ಯೂಬ್ 3: ಕರಣೆಯಲ್ಲಿ ತೀಡಿದ ಮೇಲ್ಮುಖ ಮಿಷಿನ್ನಿನ ಪ್ಲೇಟಿಗೆ ಬಂತು, ಕೂರಿಸುವಾಗ ಗಮನಿಸಲಿಲ್ಲ.' ಅಚ್ಚಿನ ಪಕ್ಕಗಳಿಗೆ ತಾಗಿದ್ದ ನುಣುಪು ಮುಖಗಳ ಮೇಲೆ ಭಾರ ಬೀಳಬೇಕು, ಎರಕ ಹೊಯ್ದ ಮೇಲ್ಮುಖದ ಮೇಲೆ ಬೀಳಬಾರದು. ತೀಡಿದ ಮುಖ ಸಮತಟ್ಟಾಗಿರದಿದ್ದರೆ ಉಬ್ಬಿದ ಜಾಗದ ಮೇಲೇ ಒತ್ತಡ ಬಿದ್ದು ಕ್ಯೂಬ್ ಬೇಗ ಒಡೆಯುತ್ತದೆ.

ಈಗ ಬರೆಯಿರಿ. 'ಮೂರನೇ ಕ್ಯೂಬ್ 495 ಕಿಲೋನ್ಯೂಟನ್‌ಗೆ ಒಡೆಯಿತು.' ಇದು ಬಂತು. 'ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಫಲಿತಾಂಶ ಅಸಿಂಧು [4].' ಇದು ಬಂತಂತೆ. 'ತೀಡಿದ ಮುಖ ಪ್ಲೇಟಿಗೆ ಬಂದದ್ದು ಇದಕ್ಕೆ ಕಾರಣವಿರಬಹುದು. ಮತ್ತೆ ಮೂರು ಕ್ಯೂಬ್ ಹಾಕಿ ನೋಡಬೇಕು.' ಇದು ಬಂದಿರಬಹುದು. 27.9 ಎಂದು ಬರೆದ ಬ್ಯಾಚಿಗೆ ಬರೆಯಲು ಏನಿದೆ? ಒಂದು ಅಂಕಿ, ಅಷ್ಟೇ. ನಿಜ ಬರೆದ ಬ್ಯಾಚಿಗೆ ಒಂದು ಪುಟ ಸಿಕ್ಕಿತು. ಡಿಸ್ಕಷನ್ ಅಧ್ಯಾಯಕ್ಕೆ ಏನು ಬರೆಯುವುದು ಎಂದು ಕೇಳುತ್ತೀರಲ್ಲ, ಎಡವಿದ ಜಾಗಗಳನ್ನು ನೋಟ್‌ಬುಕ್ಕಿನಲ್ಲಿ ಉಳಿಸಿಕೊಂಡವರಿಗೆ ಆ ಅಧ್ಯಾಯ ತಾನಾಗಿ ತುಂಬುತ್ತದೆ.

ಭಾಷೆಗೆ ಬರುತ್ತೇನೆ. ತಿಪಟೂರು ಕಡೆಯ ಆ ಹುಡುಗ ಮೊದಲ ಕರಡಿನಲ್ಲಿ ಬರೆದ ಇಂಗ್ಲಿಷ್ ಸಾಲು ಹೀಗಿತ್ತು: "ವಾಟರ್ ಅಬ್ಸಾರ್ಪ್ಷನ್ ಟೆಸ್ಟ್ ವಿಲ್ ಬಿ ಕಂಡಕ್ಟೆಡ್ ಅಂಡ್ ಗುಡ್ ರಿಸಲ್ಟ್ಸ್ ವಿಲ್ ಬಿ ಅಬ್ಟೇನ್ಡ್." ವ್ಯಾಕರಣ ಸರಿಯಿದೆ, ಸುದ್ದಿ ಏನೂ ಇಲ್ಲ. ಮಾಡುವವರು ಯಾರು, ಎಷ್ಟು ಹೊತ್ತು, 'ಗುಡ್' ಎಂದರೆ ಎಷ್ಟು? "ಇದನ್ನು ನಿಮ್ಮ ಅಜ್ಜಿಗೆ ಹೇಳೋ ಹಾಗೆ ಕನ್ನಡದಲ್ಲಿ ಬರಿ" ಅಂದೆ. ಬರೆದ: "ಎರಡೂ ಥರದ ಕರಟದ ಚೂರು ಅರ್ಧರ್ಧ ಕೆಜಿ ತಗೋತೀವಿ. 24 ಗಂಟೆ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಮೇಲಿನ ನೀರು ಒರೆಸಿ ತೂಗ್ತೀವಿ. ಆಮೇಲೆ ಓವನ್ನಲ್ಲಿ ಒಣಗಿಸಿ ಮತ್ತೆ ತೂಗ್ತೀವಿ." ನೋಡಿ, ಎಷ್ಟು ತುಂಬಿಕೊಂಡಿತು! ಕನ್ನಡದ ಕ್ರಿಯಾಪದ ಯಾರು ಮಾಡಿದರು ಎಂಬುದನ್ನು ತನ್ನ ಬಾಲದಲ್ಲೇ ಕಟ್ಟಿಕೊಂಡು ಬರುತ್ತದೆ. ತೂಗಿದೆವು ಎಂದರೆ ನಾವು, ತೂಗಿದರು ಎಂದರೆ ಅವರು. 'ತೂಗಲಾಯಿತು' ಎಂಬ ಕಚೇರಿ ಕನ್ನಡ ಹಿಡಿದರೆ ಮಾತ್ರ ಆ ಮನುಷ್ಯ ಕಾಣೆಯಾಗುತ್ತಾನೆ. ಈ ಕನ್ನಡ ಕರಡು ಕೈಯಲ್ಲಿದ್ದರೆ ಇಂಗ್ಲಿಷ್ ಮಾಡುವುದು ಒಂದು ಸಂಜೆಯ ಕೆಲಸ. ಚಿಕ್ಕ ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದು ಸಂಗತಿ. ಸ್ಪೆಲ್ಲಿಂಗ್, ಆರ್ಟಿಕಲ್ ತಪ್ಪಿದರೆ ತಿದ್ದಲು ನಾವು ಇದ್ದೇವೆ, ಸಾಫ್ಟ್‌ವೇರ್ ಇದೆ. ಆ 24 ಗಂಟೆಯನ್ನು ನೀವು ಬರೆಯದೇ ಹೋದರೆ ಯಾರೂ ತಿದ್ದಿಕೊಡಲಾರರು.

ಪ್ಲೇಜಿಯರಿಸಂ, ಅಂದರೆ ಬೇರೆಯವರ ಬರಹವನ್ನು ನಮ್ಮದೆಂದು ತೋರಿಸುವ ಕೃತಿಚೌರ್ಯ, ಎಂದರೆ ಬರೀ ಒಂದು ಶೇಕಡಾವಾರು ಎಂದು ನೀವೆಲ್ಲ ತಿಳಿದುಕೊಂಡಿದ್ದೀರಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅಲ್ಲಿಂದ 40, 60 ಎಂದು ಮೆಟ್ಟಿಲುಗಳಿವೆ, ನಿಜ. ಆದರೆ ಸಾಫ್ಟ್‌ವೇರ್ ನೋಡುವುದು ಪದಗಳ ಹೋಲಿಕೆಯನ್ನು. ನಾನು ಬರೆದ 3.15ನ್ನು ಯಾವ ಸಾಫ್ಟ್‌ವೇರೂ ಹಿಡಿಯುತ್ತಿರಲಿಲ್ಲ. ಶೇಕಡಾವಾರು ಇಳಿಸಲು ಕೆಲವರು ಪದ ಬದಲಿಸುವ ಟೂಲ್‌ಗಳಿಗೆ ಹಾಕುತ್ತಾರೆ. ಅದರಿಂದ ಏನಾಯಿತು ಗೊತ್ತೇ? 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಅಚ್ಚಾದ ಪೇಪರ್‌ಗಳಲ್ಲಿ ವಿಚಿತ್ರ ಪದಗಳನ್ನು ಹುಡುಕಿ ತೆಗೆದರು. 'ಆರ್ಟಿಫಿಷಿಯಲ್ ಇಂಟೆಲಿಜೆನ್ಸ್' ಇರಬೇಕಾದ ಕಡೆ 'ಕೌಂಟರ್‌ಫೀಟ್ ಕಾನ್ಷಸ್‌ನೆಸ್', ಅಂದರೆ ಖೋಟಾ ಪ್ರಜ್ಞೆ. 'ಬಿಗ್ ಡೇಟಾ' ಇರಬೇಕಾದ ಕಡೆ 'ಕೊಲಾಸಲ್ ಇನ್ಫರ್ಮೇಷನ್'. ಬರೆದವರೇ ತಮ್ಮ ಪೇಪರನ್ನು ಒಮ್ಮೆ ಓದಿದ್ದರೂ ಇದು ಉಳಿಯುತ್ತಿರಲಿಲ್ಲ.

ಚಾಟ್‌ಜಿಪಿಟಿ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಬೇಡ ಎಂದು ಹೇಳುವುದಿಲ್ಲ. ಅರ್ಥವಾಗದ ಪ್ಯಾರಾ ಬಿಡಿಸಿ ಹೇಳು ಎಂದು ಕೇಳಿ, ನಿಮ್ಮ ಇಂಗ್ಲಿಷ್ ತಿದ್ದಿಸಿಕೊಳ್ಳಿ, ಹಾಗೆ ಮಾಡಿದ್ದನ್ನು ರಿಪೋರ್ಟಿನಲ್ಲಿ ಒಂದು ಸಾಲು ಬರೆಯಿರಿ. ಆದರೆ ರೆಫರೆನ್ಸ್ ಕೇಳಿ ಅದನ್ನೇ ಅಂಟಿಸಬೇಡಿ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದು ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳು ಇರಲೇ ಇಲ್ಲ, 5,000 ಡಾಲರ್ ದಂಡ ಬಿತ್ತು. ಅದು ಯಾರೋ ಹೇಳಿದ್ದನ್ನು ಹೇಳುವುದಿಲ್ಲ, ಹೇಳಿರಬಹುದಾದ್ದನ್ನು ಹೇಳುತ್ತದೆ. ಬಂದಿರಬಹುದು ಎಂಬುದಕ್ಕೆ ಬಂತಂತೆಯ ವೇಷ ಹಾಕಿ ಕೊಡುತ್ತದೆ. ನೀವೇ ತೆರೆದು ಓದದ ಯಾವ ಪೇಪರೂ ನಿಮ್ಮ ಪಟ್ಟಿಯಲ್ಲಿ ಇರಕೂಡದು.

'ಮೂರು ದಿನದಲ್ಲಿ ಪ್ರಕಟಣೆ, ಜೊತೆಗೆ ಸರ್ಟಿಫಿಕೇಟ್' ಎಂದು ವಾಟ್ಸಾಪಿನಲ್ಲಿ ಬರುವ ಜರ್ನಲ್‌ಗಳಿಗೆ ದುಡ್ಡು ಕಟ್ಟಬೇಡಿ. ಕೆಲಸ ಬಲ್ಲ ಇಬ್ಬರು ಮೂರು ದಿನದಲ್ಲಿ ನಿಮ್ಮ ಪೇಪರ್ ಓದಿ, ತಪ್ಪು ಹುಡುಕಿ, ನಿಮ್ಮಿಂದ ತಿದ್ದಿಸಿ ಮುಗಿಸಲು ಆಗುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು.

(ಇಲ್ಲಿ ಮೂರನೇ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಸರ್, 22.0 ಅಂತ ನಿಜ ಬರೆದ್ರೆ ಎಕ್ಸ್‌ಟರ್ನಲ್ ಮಾರ್ಕ್ಸ್ ಕಟ್ ಮಾಡಲ್ವಾ?")

ನಿನ್ನ ಭಯ ಸರಿಯಾದದ್ದೇ ಅಮ್ಮಾ. ಕಟ್ ಮಾಡುವವರೂ ಇದ್ದಾರೆ, ಇಲ್ಲ ಎಂದು ಸುಳ್ಳು ಹೇಳಲಾರೆ. ಅದು ನಮ್ಮ ಮೇಷ್ಟರುಗಳ ತಪ್ಪು. ಗ್ರಾಫು ನೇರವಾಗಿ ಬಂದರೆ ಮಾತ್ರ ಶಹಭಾಸ್ ಎಂದು ನಾವೇ ನಿಮಗೆ ಕಲಿಸಿಬಿಟ್ಟಿದ್ದೇವೆ. ನಾನು ಎಕ್ಸ್‌ಟರ್ನಲ್ ಆಗಿ ಹೋದ ಕಡೆಯೆಲ್ಲ ಮೊದಲು ಕೇಳುವುದು ನೋಟ್‌ಬುಕ್. ಕರಣೆಯ ಮುಖದ ಬಗ್ಗೆ ಒಂದು ಸಾಲು ಅದರಲ್ಲಿ ಕಂಡರೆ ಆ ಬ್ಯಾಚಿಗೆ ನಾನು ಒಂದು ಮಾರ್ಕೂ ಕಡಿಮೆ ಕೊಡುವುದಿಲ್ಲ. ನಿಮ್ಮ ಗೈಡುಗಳೊಡನೆಯೂ ಇದನ್ನು ಮಾತಾಡಿದ್ದೇನೆ, ಇವತ್ತು ಅವರೂ ಇಲ್ಲೇ ಕೂತಿದ್ದಾರೆ.

ಆ ಹುಡುಗನ ಎರಡು ಮೂಟೆ ಕಾಂಕ್ರೀಟ್ ಲ್ಯಾಬಿನ ಮೂಲೆಯಲ್ಲಿವೆ. ಒಂದರ ಮೇಲೆ 'ಅಟ್ಟದ್ದು', ಇನ್ನೊಂದರ ಮೇಲೆ 'ಹಸಿ ಕಾಯಿದು' ಎಂದು ಮಾರ್ಕರಿನಲ್ಲಿ ಬರೆದಿದ್ದಾನೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನೆನೆಹಾಕುತ್ತೇವೆ, ಮಂಗಳವಾರ ಒಂಬತ್ತಕ್ಕೆ ತೆಗೆದು ತೂಗುತ್ತೇವೆ. ಯಾವ ಬ್ರಾಂಚಿನವರಾದರೂ ಬರಬಹುದು. ಬರುವವರು ಒಂದು 200 ಪುಟದ ನೋಟ್‌ಬುಕ್ ತನ್ನಿ. ಹೊಲಿದದ್ದೇ ಇರಲಿ, ಸ್ಪೈರಲ್ ಬೇಡ. ಅದರಲ್ಲಿ ಹಾಳೆ ಕಿತ್ತರೆ ಗೊತ್ತೇ ಆಗುವುದಿಲ್ಲ.